ಅಭಿಜಾತ ಚಲನಚಿತ್ರಗಳ ಹೋಮ್ ವಿಡಿಯೊ ಸಂಗ್ರಹ

ಅಭಿಜಾತ ಚಲನಚಿತ್ರಗಳ ಹೋಮ್ ವಿಡಿಯೊ ಸಂಗ್ರಹ ಎಂದರೆ ಕಲಾತ್ಮಕವಾಗಿ ಅಥವಾ ಐತಿಹಾಸಿಕವಾಗಿ ಮಹತ್ವ ಪಡೆದ ಹಳೆಯ ಚಲನಚಿತ್ರಗಳನ್ನು ವಿಡಿಯೊ ಕ್ಯಾಸೆಟ್, ಲೇಸರ್‌ಡಿಸ್ಕ್, ಡಿವಿಡಿ, ಬ್ಲೂ-ರೇ ಮುಂತಾದ ರೂಪಗಳಲ್ಲಿ ಕೊಂಡು ಮನೆಯಲ್ಲಿ ಸಂಗ್ರಹಿಸುವ ಹವ್ಯಾಸ. ಇತರ ಸಂಗ್ರಹ ಹವ್ಯಾಸಗಳಿಂದ ಇದನ್ನು ಬೇರೆಯಾಗಿಸುವ ಲಕ್ಷಣವೊಂದಿದೆ: ಇದರಲ್ಲಿ ಒಂದೇ ಕೃತಿಯನ್ನು ಮೂರು ನಾಲ್ಕು ಬಾರಿ ಕೊಳ್ಳುವುದು ಸಾಮಾನ್ಯ. ಹಿಂದಿನದಕ್ಕಿಂತ ಸ್ವಚ್ಛವಾದ, ಪೂರ್ಣವಾದ, ಚಿತ್ರಮಂದಿರದಲ್ಲಿ ಮೊದಲು ತೆರೆಕಂಡ ರೂಪಕ್ಕೆ ಹತ್ತಿರವಾದ ಆವೃತ್ತಿ ಮುಂದೆ ಬರಬಹುದೆಂಬ ನಿರೀಕ್ಷೆಯೇ ಇದಕ್ಕೆ ಕಾರಣ. ಈ ನಿರೀಕ್ಷೆ ಕೈಗೂಡುವುದು ಡಿಸ್ಕಿನ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಚಿತ್ರದ ಮೂಲ ನೆಗೆಟಿವ್ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಅದರ ಹಕ್ಕು ಯಾರ ಬಳಿ ಇದೆ ಎಂಬುದನ್ನು ಅವಲಂಬಿಸಿದೆ.

ಮಾಧ್ಯಮಗಳ ಬೆಳವಣಿಗೆ

1970ರ ದಶಕದ ತನಕ ಹಳೆಯ ಚಿತ್ರವೊಂದನ್ನು ನೋಡಬೇಕಾದರೆ ಚಿತ್ರಮಂದಿರದಲ್ಲಿ ಅದರ ಮರುಬಿಡುಗಡೆಗೆ, ಫಿಲ್ಮ್ ಸೊಸೈಟಿಯ ಪ್ರದರ್ಶನಕ್ಕೆ ಅಥವಾ ದೂರದರ್ಶನದ ಪ್ರಸಾರಕ್ಕೆ ಕಾಯಬೇಕಾಗಿತ್ತು. ಸ್ವಂತ ಪ್ರತಿ ಹೊಂದಿದ್ದವರು 16 ಮಿ.ಮೀ. ಅಥವಾ 8 ಮಿ.ಮೀ. ರೀಲುಗಳನ್ನು ಕೂಡಿಡುತ್ತಿದ್ದ ಕೆಲವೇ ಮಂದಿ. ಸೋನಿ ಸಂಸ್ಥೆ 1975ರಲ್ಲಿ ಬೀಟಾಮ್ಯಾಕ್ಸನ್ನೂ ಜೆವಿಸಿ ಸಂಸ್ಥೆ 1976ರಲ್ಲಿ ವಿಎಚ್‌ಎಸ್ಸನ್ನೂ ಹೊರತಂದ ಮೇಲೆ ಈ ಸ್ಥಿತಿ ಬದಲಾಯಿತು. ಅಮೆರಿಕದಲ್ಲಿ ಮ್ಯಾಗ್ನೆಟಿಕ್ ವಿಡಿಯೊ ಎಂಬ ಸಂಸ್ಥೆ 1977ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನ 50 ಚಿತ್ರಗಳ ಹಕ್ಕು ಪಡೆದು ಕ್ಯಾಸೆಟ್‌ಗಳನ್ನು ಮಾರಲಾರಂಭಿಸಿತು.

ಕ್ಯಾಸೆಟ್ಟಿನ ಚಿತ್ರ ಮಸುಕಾಗಿತ್ತು. ಅಗಲ ಪರದೆಯ ಚಿತ್ರಗಳ ಎರಡು ಬದಿಗಳನ್ನು ಕತ್ತರಿಸಿ ಟಿವಿಯ ಚೌಕಕ್ಕೆ ಹೊಂದಿಸಲಾಗುತ್ತಿತ್ತು. ಸಂಭಾಷಣೆ ನಡೆಸುತ್ತಿರುವ ಇಬ್ಬರಲ್ಲಿ ಒಬ್ಬರು ಚೌಕಟ್ಟಿನಿಂದಲೇ ಮಾಯವಾಗುವುದು ಅಂದಿನ ವೀಕ್ಷಕರಿಗೆ ಪರಿಚಿತ ಅನುಭವ. 1978ರಲ್ಲಿ ಬಂದ ಲೇಸರ್‌ಡಿಸ್ಕ್ ದುಬಾರಿಯಾಗಿದ್ದರಿಂದ ಮನೆಮನೆಗೆ ತಲುಪಲಿಲ್ಲ. ಆದರೆ ಗಂಭೀರ ಸಂಗ್ರಹಕ್ಕೆ ಬುನಾದಿ ಹಾಕಿದ್ದು ಅದೇ. 1984ರಲ್ಲಿ ಆರಂಭವಾದ ಕ್ರೈಟೀರಿಯನ್ ಕಲೆಕ್ಷನ್ ಮೊದಲು 'ಸಿಟಿಜನ್ ಕೇನ್' ಮತ್ತು 'ಕಿಂಗ್ ಕಾಂಗ್' ಚಿತ್ರಗಳನ್ನು ಲೇಸರ್‌ಡಿಸ್ಕಿನಲ್ಲಿ ಪ್ರಕಟಿಸಿತು. 'ಕಿಂಗ್ ಕಾಂಗ್' ಡಿಸ್ಕಿನ ಎರಡನೆಯ ಧ್ವನಿಪಥದಲ್ಲಿ ಚಿತ್ರ ಇತಿಹಾಸಕಾರ ರೊನಾಲ್ಡ್ ಹೇವರ್ ದೃಶ್ಯಗಳ ಜೊತೆಜೊತೆಗೇ ವಿವರಣೆ ನೀಡಿದ್ದರು. ಇಂದು ಡಿಸ್ಕುಗಳಲ್ಲಿ ರೂಢಿಯಾಗಿರುವ 'ಕಾಮೆಂಟರಿ' ಆರಂಭವಾದದ್ದು ಅಲ್ಲಿಂದ.

ಡಿವಿಡಿ 1996ರಲ್ಲಿ ಜಪಾನಿನಲ್ಲೂ 1997ರಲ್ಲಿ ಅಮೆರಿಕದಲ್ಲೂ ಮಾರುಕಟ್ಟೆಗೆ ಬಂತು. ಬ್ಲೂ-ರೇ 2006ರಲ್ಲಿ, 4ಕೆ ಅಲ್ಟ್ರಾ ಎಚ್‌ಡಿ ಬ್ಲೂ-ರೇ 2016ರಲ್ಲಿ. ಪಾಲ್ ಪದ್ಧತಿಯ ಡಿವಿಡಿಯ ಒಂದು ಚೌಕಟ್ಟಿನಲ್ಲಿ 720×576 ಚಿತ್ರಬಿಂದುಗಳಿದ್ದರೆ ಬ್ಲೂ-ರೇಯಲ್ಲಿ 1920×1080, 4ಕೆ ಡಿಸ್ಕಿನಲ್ಲಿ 3840×2160 ಇರುತ್ತವೆ. ಆದರೆ ಈ ಅಂಕಿಗಳು ಪಾತ್ರೆಯ ಅಳತೆಯನ್ನು ಹೇಳುತ್ತವೆಯೇ ಹೊರತು ಅದರಲ್ಲಿ ಏನಿದೆ ಎಂಬುದನ್ನಲ್ಲ. ಸವೆದ ಪ್ರತಿಯೊಂದನ್ನು 4ಕೆ ಡಿಸ್ಕಿಗೆ ಇಳಿಸಿದರೆ ಅದರ ಗೀರುಗಳು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತವೆ, ಅಷ್ಟೆ.

ಮೂಲ ಸಾಮಗ್ರಿ

ಫಿಲ್ಮಿನಲ್ಲಿ ತೆಗೆದ ಚಿತ್ರವೊಂದು ಪ್ರೇಕ್ಷಕರನ್ನು ತಲುಪುವುದು ಹಲವು ತಲೆಮಾರುಗಳ ಪ್ರತಿಗಳ ಮೂಲಕ. ಕ್ಯಾಮೆರಾದಲ್ಲಿ ಓಡಿದ ನೆಗೆಟಿವ್‌ನಿಂದ ಒಂದು ಮಾಸ್ಟರ್ ಪಾಸಿಟಿವ್, ಅದರಿಂದ ನಕಲು ನೆಗೆಟಿವ್, ಅದರಿಂದ ಚಿತ್ರಮಂದಿರಗಳಿಗೆ ಹೋಗುವ ಪ್ರದರ್ಶನ ಪ್ರತಿ. ಪ್ರತಿ ಹಂತದಲ್ಲೂ ಸೂಕ್ಷ್ಮ ವಿವರ ಒಂದಿಷ್ಟು ಸೋರಿಹೋಗುತ್ತದೆ, ನೆರಳಿನ ಭಾಗಗಳು ಕಪ್ಪಾಗುತ್ತವೆ. ಹೀಗಾಗಿ 'ಮೂಲ ಕ್ಯಾಮೆರಾ ನೆಗೆಟಿವ್‌ನಿಂದ ಸ್ಕ್ಯಾನ್ ಮಾಡಲಾಗಿದೆ' ಎಂಬ ಒಂದು ಸಾಲು ಡಿಸ್ಕಿನ ಹೊದಿಕೆಯ ಮೇಲಿದ್ದರೆ ಸಂಗ್ರಾಹಕರು ಮೊದಲು ಗಮನಿಸುವುದು ಅದನ್ನೇ.

ಆ ನೆಗೆಟಿವ್‌ಗಳ ಉಳಿವೇ ಅನಿಶ್ಚಿತ. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮ್ ಸುಲಭವಾಗಿ ಹೊತ್ತಿಕೊಳ್ಳುವಂಥದು. ಬೆಂಕಿ ತಗಲದಿದ್ದರೂ ಕಾಲಕ್ರಮದಲ್ಲಿ ಅಂಟಂಟಾಗಿ ಕೊನೆಗೆ ಪುಡಿಯಾಗುತ್ತದೆ. ಅದರ ಬದಲಿಗೆ ಬಂದ ಅಸಿಟೇಟ್ ಫಿಲ್ಮ್ ಬೆಂಕಿಗೆ ಅಷ್ಟು ಹೆದರಬೇಕಾದುದಲ್ಲ, ಆದರೆ ಸೆಕೆ ಮತ್ತು ತೇವದಲ್ಲಿ ಕೊಳೆತು ಹುಳಿ ವಾಸನೆ ಬೀರುತ್ತಾ ಕುಗ್ಗಿ ಸುರುಳಿಗಟ್ಟುತ್ತದೆ. ಇದಕ್ಕೆ 'ವಿನೆಗರ್ ಸಿಂಡ್ರೋಮ್' ಎಂಬ ಹೆಸರು ಬಂದಿರುವುದು ಆ ವಾಸನೆಯಿಂದಲೇ. 1950ರಲ್ಲಿ ಬಂದ ಈಸ್ಟ್‌ಮನ್‌ಕಲರ್ ಫಿಲ್ಮಿನ ವರ್ಣದ್ರವ್ಯಗಳು ಸ್ಥಿರವಾಗಿರಲಿಲ್ಲವಾದ್ದರಿಂದ ಆ ಕಾಲದ ಅನೇಕ ವರ್ಣಚಿತ್ರಗಳ ಪ್ರತಿಗಳು ಈಗ ನಸುಗೆಂಪಾಗಿ ಮಾಸಿಹೋಗಿವೆ.

ಇದಕ್ಕಿಂತ ಹಳೆಯದಾದ ಮೂರು ಪಟ್ಟಿಗಳ ಟೆಕ್ನಿಕಲರ್ ಪದ್ಧತಿ ಈ ದೃಷ್ಟಿಯಿಂದ ಭಾಗ್ಯಶಾಲಿ. ಅದರಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳ ಮಾಹಿತಿ ಮೂರು ಪ್ರತ್ಯೇಕ ಕಪ್ಪು-ಬಿಳುಪು ನೆಗೆಟಿವ್‌ಗಳಲ್ಲಿ ದಾಖಲಾಗುತ್ತಿದ್ದುದರಿಂದ ಬಣ್ಣ ಮಾಸುವ ಪ್ರಶ್ನೆಯೇ ಇರಲಿಲ್ಲ. ತೊಂದರೆ ಬೇರೊಂದಿತ್ತು: ದಶಕಗಳಲ್ಲಿ ಮೂರೂ ಪಟ್ಟಿಗಳು ಒಂದೊಂದು ಪ್ರಮಾಣದಲ್ಲಿ ಕುಗ್ಗಿ, ಒಂದರ ಮೇಲೊಂದಿಟ್ಟಾಗ ಅಂಚುಗಳಲ್ಲಿ ಬಣ್ಣ ಇಣುಕುತ್ತಿತ್ತು. 2000ದ ದಶಕದಲ್ಲಿ ವಾರ್ನರ್ ಸಂಸ್ಥೆ ಮೂರು ಪಟ್ಟಿಗಳನ್ನು ಪ್ರತ್ಯೇಕವಾಗಿ ಸ್ಕ್ಯಾನ್ ಮಾಡಿ ಗಣಕದಲ್ಲಿ ಜೋಡಿಸುವ ವಿಧಾನ ರೂಪಿಸಿದ ಮೇಲೆ 'ಗಾನ್ ವಿತ್ ದಿ ವಿಂಡ್', 'ದಿ ವಿಜರ್ಡ್ ಆಫ್ ಆಝ್' ಚಿತ್ರಗಳ ಡಿಸ್ಕುಗಳು ಹಿಂದೆಂದೂ ಕಾಣದಷ್ಟು ತೀಕ್ಷ್ಣವಾದವು. 'ಸಿಂಗಿನ್ ಇನ್ ದಿ ರೇನ್' ಚಿತ್ರಕ್ಕೆ ಆ ಭಾಗ್ಯ ಪೂರ್ಣವಾಗಿ ದೊರೆಯಲಿಲ್ಲ. ಅದರ ಮೂಲ ನೆಗೆಟಿವ್ 1978ರಲ್ಲಿ ರಾಚೆಸ್ಟರ್ ನಗರದ ಜಾರ್ಜ್ ಈಸ್ಟ್‌ಮನ್ ಹೌಸ್‌ನಲ್ಲಿ ಸಂಭವಿಸಿದ ಬೆಂಕಿಯಲ್ಲಿ ನಾಶವಾಯಿತು. ನಂತರದ ಎಲ್ಲ ಆವೃತ್ತಿಗಳೂ ಮುಂದಿನ ತಲೆಮಾರಿನ ಸಾಮಗ್ರಿಯಿಂದ ಬಂದವು.

ಪುನರುದ್ಧಾರದ ವಿಧಾನ

ಪುನರುದ್ಧಾರ ಅಥವಾ ರೆಸ್ಟೊರೇಷನ್ ಕೆಲಸ ಮೊದಲು ಹುಡುಕಾಟದಿಂದ ಆರಂಭವಾಗುತ್ತದೆ. ಜಗತ್ತಿನ ಭಂಡಾರಗಳಲ್ಲಿ ಆ ಚಿತ್ರದ ಯಾವ ಯಾವ ಪ್ರತಿಗಳಿವೆ ಎಂದು ಗುರುತಿಸಿ, ಅವುಗಳನ್ನು ಹೋಲಿಸಿ, ಪ್ರತಿ ದೃಶ್ಯಕ್ಕೂ ಅತ್ಯುತ್ತಮವಾದುದನ್ನು ಆರಿಸಲಾಗುತ್ತದೆ. ಹಸ್ತಪ್ರತಿಗಳ ಪಾಠಾಂತರಗಳನ್ನು ತೂಗಿ ನೋಡುವ ಗ್ರಂಥಸಂಪಾದನೆಗೆ ಇದು ಬಹಳ ಹತ್ತಿರ. ಆಮೇಲೆ ಹರಿದ ರಂಧ್ರಗಳನ್ನು ಕೈಯಿಂದ ದುರಸ್ತಿ ಮಾಡಿ, ಫಿಲ್ಮನ್ನು ತೊಳೆದು ಸ್ಕ್ಯಾನ್ ಮಾಡುತ್ತಾರೆ. ಗೀರು, ಧೂಳು, ನಡುಕ, ಬೆಳಕಿನ ಏರಿಳಿತಗಳನ್ನು ಗಣಕದಲ್ಲಿ ಚೌಕಟ್ಟು ಚೌಕಟ್ಟಾಗಿ ತೆಗೆಯಲಾಗುತ್ತದೆ. ಕೊನೆಯದು ಬಣ್ಣ ಮತ್ತು ಬೆಳಕಿನ ಹೊಂದಾಣಿಕೆ. ಛಾಯಾಗ್ರಾಹಕರು ಬದುಕಿದ್ದರೆ ಅವರ ಸಲಹೆ, ಇಲ್ಲವಾದರೆ ಮಾಸದೆ ಉಳಿದ ಹಳೆಯ ಪ್ರತಿಯೊಂದು ಇದಕ್ಕೆ ಆಧಾರ. ಇಟಲಿಯ ಬೊಲೋನ್ಯಾ ನಗರದ ಲಿಮ್ಮಾಜಿನೆ ರಿತ್ರೊವಾತಾ ಈ ಕ್ಷೇತ್ರದ ಪ್ರಸಿದ್ಧ ಪ್ರಯೋಗಾಲಯಗಳಲ್ಲಿ ಒಂದು. ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ 1990ರಲ್ಲಿ ಸ್ಥಾಪಿಸಿದ ದಿ ಫಿಲ್ಮ್ ಫೌಂಡೇಶನ್ ಇಂಥ ಕೆಲಸಗಳಿಗೆ ಹಣ ಒದಗಿಸುತ್ತ ಬಂದಿದೆ.

ಪ್ರಮುಖ ನಿದರ್ಶನಗಳು

ಫ್ರಿಟ್ಜ್ ಲಾಂಗ್ ನಿರ್ದೇಶನದ ಜರ್ಮನ್ ಮೂಕಿಚಿತ್ರ 'ಮೆಟ್ರೊಪೊಲಿಸ್' ಮೊದಲು ಪ್ರದರ್ಶನಗೊಂಡದ್ದು 1927ರ ಜನವರಿ 10ರಂದು, ಬರ್ಲಿನ್‌ನಲ್ಲಿ. ಕೆಲವೇ ತಿಂಗಳಲ್ಲಿ ಅದರ ಕಾಲುಭಾಗಕ್ಕೂ ಹೆಚ್ಚು ಕತ್ತರಿಸಲ್ಪಟ್ಟು, ಕತೆಯ ಹಲವು ಎಳೆಗಳು ಕಡಿದುಹೋದವು. 2001ರಲ್ಲಿ ಜರ್ಮನಿಯ ಮುರ್ನೌ ಪ್ರತಿಷ್ಠಾನ ಉಳಿದ ಸಾಮಗ್ರಿಯನ್ನೆಲ್ಲ ಕೂಡಿಸಿ, ಕಳೆದುಹೋದ ಭಾಗಗಳ ಜಾಗದಲ್ಲಿ ಬರಹದ ಫಲಕಗಳನ್ನಿಟ್ಟು ಒಂದು ಆವೃತ್ತಿ ಸಿದ್ಧಪಡಿಸಿತು. ಅದೇ ವರ್ಷ ಚಿತ್ರವನ್ನು ಯುನೆಸ್ಕೊದ 'ವಿಶ್ವ ಸ್ಮೃತಿ' ದಾಖಲೆಗೆ ಸೇರಿಸಲಾಯಿತು. ಆ ಆವೃತ್ತಿಯ ಡಿವಿಡಿ ಕೊಂಡವರು ಇದೇ ಕೊನೆಯ ರೂಪವೆಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ.

2008ರಲ್ಲಿ ಅರ್ಜೆಂಟೀನಾದ ಬ್ಯುನೊಸ್ ಐರಿಸ್ ನಗರದ ಚಲನಚಿತ್ರ ವಸ್ತುಸಂಗ್ರಹಾಲಯದಲ್ಲಿ 16 ಮಿ.ಮೀ. ನೆಗೆಟಿವ್ ಒಂದು ಪತ್ತೆಯಾಯಿತು. ಬಹುಕಾಲದ ಹಿಂದೆ ಆ ದೇಶಕ್ಕೆ ಹೋಗಿದ್ದ, ಬಹುತೇಕ ಪೂರ್ಣವಾದ ಪ್ರತಿಯೊಂದರಿಂದ ತೆಗೆದ ನಕಲು ಅದು. ಮೂಲ ಪ್ರತಿಯ ಮೇಲಿದ್ದ ಗೀರುಗಳೆಲ್ಲ ನಕಲಿನಲ್ಲಿ ಚಿತ್ರದೊಡನೆ ಒಂದಾಗಿ ಅಚ್ಚಾಗಿದ್ದವು; ಚೌಕಟ್ಟಿನ ಅಂಚೂ ಸ್ವಲ್ಪ ಕತ್ತರಿಸಿಹೋಗಿತ್ತು. ಸುಮಾರು 25 ನಿಮಿಷಗಳ ಈ ಭಾಗವನ್ನು ಸೇರಿಸಿ ಸಿದ್ಧಪಡಿಸಿದ ಆವೃತ್ತಿ 2010ರ ಫೆಬ್ರವರಿಯಲ್ಲಿ ಬರ್ಲಿನ್‌ನಲ್ಲಿ ಪ್ರದರ್ಶನಗೊಂಡು, ಅದೇ ವರ್ಷ ಬ್ಲೂ-ರೇಯಲ್ಲಿ ಬಂತು. ಅದರಲ್ಲಿ ಸ್ವಚ್ಛವಾದ ದೃಶ್ಯದ ನಡುವೆ ಥಟ್ಟನೆ ಮಳೆ ಸುರಿದಂಥ ಗೀರುಗಳ ದೃಶ್ಯ ಬರುತ್ತದೆ. ಯಾವ ಭಾಗ ಎಲ್ಲಿಂದ ಬಂತೆಂಬುದನ್ನು ವೀಕ್ಷಕರು ಕಣ್ಣಿನಿಂದಲೇ ಓದಬಹುದು. ಪುನರುದ್ಧಾರವೆಂದರೆ ಕೇವಲ ಹೊಳಪು ಎಂದು ತಿಳಿದವರಿಗೆ ತೋರಿಸಬೇಕಾದ ಡಿಸ್ಕ್ ಇದು.

ಕಾರ್ಲ್ ಡ್ರೇಯರ್ ಅವರ 'ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್' (1928) ಚಿತ್ರದ ಮೂಲ ನೆಗೆಟಿವ್ ಬೆಂಕಿಗೆ ಆಹುತಿಯಾಗಿತ್ತು. 1981ರಲ್ಲಿ ನಾರ್ವೆಯ ಓಸ್ಲೊ ಬಳಿಯ ಮಾನಸಿಕ ಚಿಕಿತ್ಸಾಲಯವೊಂದರ ಕಪಾಟಿನಲ್ಲಿ ಅದರ ಮೊದಲ ಆವೃತ್ತಿಯ ಪ್ರತಿ ಸಿಕ್ಕಿತು. ಇಂದು ಡಿಸ್ಕಿನಲ್ಲಿ ನೋಡಲು ದೊರೆಯುವುದು ಆ ಪ್ರತಿಯಿಂದ ಬಂದ ಚಿತ್ರ.

ಭಾರತೀಯರಿಗೆ ಹೆಚ್ಚು ಹತ್ತಿರದ ನಿದರ್ಶನ ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯ: 'ಪಥೇರ್ ಪಾಂಚಾಲಿ' (1955), 'ಅಪರಾಜಿತೊ' (1956), 'ಅಪುರ್ ಸಂಸಾರ್' (1959). 1992ರಲ್ಲಿ ರಾಯ್ ಅವರಿಗೆ ಗೌರವ ಆಸ್ಕರ್ ಸಂದ ನಂತರ ಅವರ ಚಿತ್ರಗಳ ಸಂರಕ್ಷಣೆಯ ಕೆಲಸ ಆರಂಭವಾಗಿ, ನೆಗೆಟಿವ್‌ಗಳನ್ನು ಲಂಡನ್‌ನ ಪ್ರಯೋಗಾಲಯವೊಂದಕ್ಕೆ ಕಳುಹಿಸಲಾಗಿತ್ತು. 1993ರ ಜುಲೈನಲ್ಲಿ ಅಲ್ಲಿ ಬೆಂಕಿ ಹೊತ್ತಿಕೊಂಡಿತು. ಸುಟ್ಟು ಕರಕಲಾಗಿ ಅಂಟಿಕೊಂಡಿದ್ದ ರೀಲುಗಳನ್ನು ಯಾವ ಯಂತ್ರದಲ್ಲೂ ಓಡಿಸುವಂತಿರಲಿಲ್ಲ. ಆದರೂ ಆಸ್ಕರ್ ನೀಡುವ ಅಕಾಡೆಮಿ ಅವುಗಳನ್ನು ಎಸೆಯದೆ ತನ್ನ ಭಂಡಾರದಲ್ಲಿ ಇರಿಸಿತು. ಇಪ್ಪತ್ತು ವರ್ಷಗಳ ನಂತರ ಕ್ರೈಟೀರಿಯನ್ ಸಂಸ್ಥೆಯ ಯೋಜನೆಯಡಿ ಅವು ಬೊಲೋನ್ಯಾಕ್ಕೆ ಹೋದವು. ತಜ್ಞರು ಒಣಗಿ ಪೆಡಸಾದ ಫಿಲ್ಮಿಗೆ ಮತ್ತೆ ತೇವ ಕೊಟ್ಟು, ಪದರಗಳನ್ನು ಬಿಡಿಸಿ, ಕರಗಿದ ಅಂಚುಗಳಿಗೆ ಹೊಸ ರಂಧ್ರಗಳನ್ನು ಜೋಡಿಸಿದರು. ಕೈಕೆಲಸಕ್ಕೇ ಸುಮಾರು ಒಂದು ಸಾವಿರ ಗಂಟೆ ಹಿಡಿಯಿತು. 'ಪಥೇರ್ ಪಾಂಚಾಲಿ'ಯ ಶೇ. 40ರಷ್ಟು, 'ಅಪರಾಜಿತೊ'ದ ಶೇ. 60ಕ್ಕೂ ಹೆಚ್ಚು ಭಾಗವನ್ನು ಸುಟ್ಟ ಮೂಲ ನೆಗೆಟಿವ್‌ನಿಂದಲೇ ಪಡೆಯಲಾಯಿತು. 'ಅಪುರ್ ಸಂಸಾರ್'ನ ನೆಗೆಟಿವ್ ಕೈಗೆ ದಕ್ಕಲಿಲ್ಲ. ಅದನ್ನೂ ಉಳಿದ ಕೊರತೆಗಳನ್ನೂ ಬೇರೆ ಭಂಡಾರಗಳಲ್ಲಿದ್ದ ಪ್ರತಿಗಳಿಂದ ತುಂಬಲಾಯಿತು. 2015ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ಪ್ರದರ್ಶನಗೊಂಡ ಈ 4ಕೆ ಆವೃತ್ತಿ ಅದೇ ನವೆಂಬರ್‌ನಲ್ಲಿ ಬ್ಲೂ-ರೇ ಆಗಿ ಮನೆಗಳಿಗೆ ಬಂತು.

ವಿವಾದಗಳು

ಹೊಸ ಆವೃತ್ತಿಯೆಲ್ಲ ಉತ್ತಮ ಆವೃತ್ತಿಯಲ್ಲ. ಫಿಲ್ಮಿನ ಚಿತ್ರವು ಸೂಕ್ಷ್ಮ ಕಣಗಳಿಂದಲೇ ರಚಿತವಾದುದು. ಅದನ್ನು ದೋಷವೆಂದು ಭಾವಿಸಿ ಗಣಕದಿಂದ ಅಳಿಸಿದರೆ ಕಣಗಳ ಜೊತೆಗೆ ಚರ್ಮದ ನೆರಿಗೆ, ಬಟ್ಟೆಯ ನೇಯ್ಗೆಯೂ ಅಳಿದು ಮುಖಗಳು ಮೇಣದ ಗೊಂಬೆಗಳಂತೆ ಕಾಣುತ್ತವೆ. ಹಳೆಯ ಗುಡಿಯ ಕಲ್ಲುಕೆತ್ತನೆಗೆ ಜೀರ್ಣೋದ್ಧಾರದ ಹೆಸರಿನಲ್ಲಿ ಎಣ್ಣೆಬಣ್ಣ ಬಳಿದಂತಹ ಕೆಲಸ ಇದು. 65 ಮಿ.ಮೀ. ಫಿಲ್ಮಿನಲ್ಲಿ ಚಿತ್ರೀಕರಿಸಲಾದ 'ಪ್ಯಾಟನ್' (1970) ಚಿತ್ರದ 2008ರ ಬ್ಲೂ-ರೇ ಈ ಕಾರಣಕ್ಕೆ ಟೀಕೆಗೆ ಗುರಿಯಾಯಿತು. 2012ರಲ್ಲಿ ಅದನ್ನು ಹೊಸದಾಗಿ ಸಿದ್ಧಪಡಿಸಿ ಮತ್ತೆ ಬಿಡುಗಡೆ ಮಾಡಲಾಯಿತು.

ಬಣ್ಣದ ವಿಷಯದಲ್ಲಿ ನಿರ್ದೇಶಕರ ಮಾತೇ ಅಂತಿಮವೆ ಎಂಬ ಪ್ರಶ್ನೆಯೂ ಇದೆ. 'ದಿ ಫ್ರೆಂಚ್ ಕನೆಕ್ಷನ್' (1971) ಚಿತ್ರದ 2009ರ ಬ್ಲೂ-ರೇಗಾಗಿ ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಬಣ್ಣವನ್ನು ಬಹಳವಾಗಿ ಬದಲಿಸಿದಾಗ ಅದರ ಛಾಯಾಗ್ರಾಹಕ ಓವನ್ ರಾಯ್ಜ್‌ಮನ್ ಬಹಿರಂಗವಾಗಿ ಆಕ್ಷೇಪಿಸಿದರು. 2012ರ ಆವೃತ್ತಿ ಮೂಲದ ಬಣ್ಣಕ್ಕೆ ಹತ್ತಿರವಾಯಿತು.

ಭಾರತ ಮತ್ತು ಯೂರೋಪಿನ ಸಂಗ್ರಾಹಕರಿಗೆ ಇನ್ನೊಂದು ತೊಡಕಿತ್ತು. ಚಿತ್ರಮಂದಿರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವ ಚಿತ್ರ ಪಾಲ್ ಪದ್ಧತಿಯ ಡಿವಿಡಿಯಲ್ಲಿ 25ರಂತೆ ಓಡುತ್ತದೆ. ಪರಿಣಾಮವಾಗಿ ಎರಡು ಗಂಟೆಯ ಚಿತ್ರ ಸುಮಾರು ಐದು ನಿಮಿಷ ಮೊದಲೇ ಮುಗಿಯುತ್ತದೆ; ಧ್ವನಿಯನ್ನು ಸರಿಪಡಿಸದಿದ್ದರೆ ಹಾಡಿನ ಶ್ರುತಿಯೂ ಏರುತ್ತದೆ. 24ರ ವೇಗವನ್ನೇ ಉಳಿಸಿಕೊಳ್ಳಬಲ್ಲ ಬ್ಲೂ-ರೇ ಈ ಸಮಸ್ಯೆಯನ್ನು ಬಹುಮಟ್ಟಿಗೆ ನಿವಾರಿಸಿತು. ಪ್ರದೇಶ ಸಂಕೇತಗಳು ಮಾತ್ರ ಉಳಿದವು. ಡಿವಿಡಿಯಲ್ಲಿ ಭಾರತ 5ನೆಯ ಪ್ರದೇಶಕ್ಕೂ ಬ್ಲೂ-ರೇಯಲ್ಲಿ 'ಸಿ' ಪ್ರದೇಶಕ್ಕೂ ಸೇರಿದ್ದು, ಅಮೆರಿಕದ 'ಎ' ಪ್ರದೇಶದ ಡಿಸ್ಕನ್ನು ಇಲ್ಲಿನ ಸಾಮಾನ್ಯ ಪ್ಲೇಯರ್ ಓದುವುದಿಲ್ಲ. 4ಕೆ ಡಿಸ್ಕುಗಳಿಗೆ ಈ ನಿರ್ಬಂಧವಿಲ್ಲ.

ಬಾರದ ಆವೃತ್ತಿಗಳು

ಸಂಗ್ರಾಹಕರ ಕಾಯುವಿಕೆಗೆ ಹಲವು ಬಗೆಯ ಅಂತ್ಯಗಳಿವೆ. 'ದಿ ಆಫ್ರಿಕನ್ ಕ್ವೀನ್' (1951) ಅಮೆರಿಕದಲ್ಲಿ ಡಿವಿಡಿ ಯುಗದ ಮೊದಲ ಹನ್ನೆರಡು ವರ್ಷಗಳಲ್ಲಿ ಅಧಿಕೃತವಾಗಿ ಬರಲೇ ಇಲ್ಲ. 2010ರಲ್ಲಿ ಪುನರುದ್ಧಾರಗೊಂಡು ಬಂತು. 'ಶರಾಡ್' (1963) ಚಿತ್ರದ ಪ್ರತಿಗಳಲ್ಲಿ ಹಕ್ಕುಸ್ವಾಮ್ಯದ ಸೂಚನೆ ಸರಿಯಾಗಿ ಇಲ್ಲದ್ದರಿಂದ ಅದು ಅಮೆರಿಕದಲ್ಲಿ ಬಿಡುಗಡೆಯಾದ ಕೂಡಲೇ ಸಾರ್ವಜನಿಕ ಸ್ವತ್ತಾಯಿತು. ಯಾರು ಬೇಕಾದರೂ ಪ್ರಕಟಿಸಬಹುದಾದ ಈ ಚಿತ್ರದ ಕಳಪೆ ಡಿಸ್ಕುಗಳು ಅಂಗಡಿಗಳಲ್ಲಿ ತುಂಬಿದ್ದವು. ಹಕ್ಕಿಲ್ಲದ ಚಿತ್ರಕ್ಕೆ ಹಣ ಹೂಡುವವರು ಕಡಿಮೆ ಎಂಬುದು ಈ ಕ್ಷೇತ್ರದ ಒಂದು ವಿಪರ್ಯಾಸ.

ಜಾನ್ ವೇಯ್ನ್ ನಿರ್ದೇಶಿಸಿ ನಟಿಸಿದ 'ದಿ ಅಲಾಮೊ' (1960) ಇನ್ನೊಂದು ಬಗೆ. 202 ನಿಮಿಷಗಳ ಅದರ ಪೂರ್ಣ ರೂಪವನ್ನು ಬಿಡುಗಡೆಯ ನಂತರ ಅರ್ಧ ಗಂಟೆಗೂ ಹೆಚ್ಚು ಮೊಟಕುಗೊಳಿಸಲಾಗಿತ್ತು. ಕೆನಡಾದ ಟೊರೊಂಟೊದಲ್ಲಿ ಸಿಕ್ಕಿದ ಪೂರ್ಣ ಉದ್ದದ 70 ಮಿ.ಮೀ. ಪ್ರತಿಯಿಂದ ಲೇಸರ್‌ಡಿಸ್ಕ್ ಮತ್ತು ಕ್ಯಾಸೆಟ್ ಆವೃತ್ತಿಗಳು ಬಂದವು. ಆಮೇಲೆ ಆ ಪ್ರತಿಯೇ ಹಾಳಾಯಿತು. ಡಿವಿಡಿಯಲ್ಲಿ ಬಂದದ್ದು ಮೊಟಕಾದ ರೂಪ. ಹೀಗೆ ಹಳೆಯ ತಂತ್ರಜ್ಞಾನದ ಮಸುಕಾದ ಡಿಸ್ಕೊಂದು ಹೊಸದಕ್ಕಿಂತ ಹೆಚ್ಚು ಅಮೂಲ್ಯವಾಗಿ ಉಳಿಯಿತು. ಹೊಸ ಆವೃತ್ತಿ ಬಂದರೂ ಅನುಭವಿ ಸಂಗ್ರಾಹಕರು ಹಳೆಯದನ್ನು ಮಾರದಿರುವುದಕ್ಕೆ ಇಂಥ ಪ್ರಸಂಗಗಳೇ ಕಾರಣ.

ಆರ್ಸನ್ ವೆಲ್ಸ್ ಅವರ 'ದಿ ಮ್ಯಾಗ್ನಿಫಿಸೆಂಟ್ ಆ್ಯಂಬರ್ಸನ್ಸ್' (1942) ಚಿತ್ರದ್ದು ಬಹುಶಃ ಮುಗಿಯದ ಕಾಯುವಿಕೆ. ನಿರ್ಮಾಣ ಸಂಸ್ಥೆ ಅದರಿಂದ 40 ನಿಮಿಷಗಳಿಗೂ ಹೆಚ್ಚು ಭಾಗ ಕತ್ತರಿಸಿ, ಕತ್ತರಿಸಿದ ನೆಗೆಟಿವನ್ನು ನಾಶಪಡಿಸಿತು. ಆಗ ಬ್ರೆಜಿಲ್‌ನಲ್ಲಿದ್ದ ವೆಲ್ಸ್ ಅವರಿಗೆ ಕಳುಹಿಸಿದ್ದ ಪ್ರತಿಯನ್ನು ಈಗಲೂ ಹುಡುಕುವವರಿದ್ದಾರೆ.

ಡಿಸ್ಕುಗಳ ಬಾಳಿಕೆ ಮತ್ತು ಸ್ಟ್ರೀಮಿಂಗ್

ಡಿಸ್ಕುಗಳೂ ಶಾಶ್ವತವಲ್ಲ. ಪದರಗಳ ನಡುವೆ ಗಾಳಿ ಸೇರಿ ಅಲ್ಯುಮಿನಿಯಂ ತುಕ್ಕು ಹಿಡಿದು ಲೇಸರ್‌ಡಿಸ್ಕುಗಳೂ ಕೆಲವು ಡಿವಿಡಿಗಳೂ ಓದಲಾಗದಂತಾಗಿವೆ. ಕ್ಯಾಸೆಟ್ ಇದ್ದರೂ ಅದನ್ನು ಓಡಿಸುವ ಯಂತ್ರ ಸಿಗುವುದು ಕಷ್ಟ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರಲ್ಲಿ ಉತ್ಪಾದನೆ ನಿಲ್ಲಿಸಿತು. ಸ್ಟ್ರೀಮಿಂಗ್ ಬಂದ ಮೇಲೆ ಡಿಸ್ಕಿನ ವ್ಯಾಪಾರ ಕುಗ್ಗಿ, 2023ರಲ್ಲಿ ನೆಟ್‌ಫ್ಲಿಕ್ಸ್ ಅಂಚೆಯ ಮೂಲಕ ಡಿವಿಡಿ ಬಾಡಿಗೆಗೆ ಕೊಡುವ ಸೇವೆಯನ್ನು ಕೊನೆಗೊಳಿಸಿತು. ಆದರೆ ಸ್ಟ್ರೀಮಿಂಗ್‌ನಲ್ಲಿ ಹಕ್ಕಿನ ಅವಧಿ ಮುಗಿದೊಡನೆ ಚಿತ್ರ ಕಾಣೆಯಾಗುತ್ತದೆ; ಯಾವ ಆವೃತ್ತಿ ತೋರಿಸಲಾಗುತ್ತಿದೆ ಎಂಬ ವಿವರವೂ ಸಾಮಾನ್ಯವಾಗಿ ಇರುವುದಿಲ್ಲ. ಸಾರ್ವತ್ರಿಕ ಮಾರುಕಟ್ಟೆ ಕುಗ್ಗಿದಂತೆಲ್ಲ ಡಿಸ್ಕ್ ಪ್ರಕಟಣೆ ಸಣ್ಣ, ತಜ್ಞ ಸಂಸ್ಥೆಗಳ ಕೈಗೆ ಸರಿದಿದೆ.

ಭಾರತದಲ್ಲಿ, ಕನ್ನಡದಲ್ಲಿ

ಭಾರತದಲ್ಲಿ ಲೇಸರ್‌ಡಿಸ್ಕ್ ಬೇರೂರಲಿಲ್ಲ. ವಿಎಚ್‌ಎಸ್ ಕ್ಯಾಸೆಟ್ ಲೈಬ್ರರಿಗಳ ನಂತರ 1990ರ ದಶಕದ ಕೊನೆಯಿಂದ ವಿಸಿಡಿ ಹರಡಿತು. ಅದರ ಚಿತ್ರದ ಗಾತ್ರ 352×288 ಚಿತ್ರಬಿಂದುಗಳು ಮಾತ್ರ. ಮೋಸರ್ ಬೇರ್ ಸಂಸ್ಥೆ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಲು ತೊಡಗಿದಾಗ ಹಳೆಯ ಚಿತ್ರಗಳು ಸಾಮಾನ್ಯ ಓದುಗರ ಪುಸ್ತಕದಷ್ಟೂ ಬೆಲೆಯಿಲ್ಲದೆ ದೊರೆತವು. ಗುಣಮಟ್ಟ ಬೆಲೆಗೆ ತಕ್ಕಂತಿತ್ತು. ಓಡಿ ಓಡಿ ಸವೆದ ಪ್ರದರ್ಶನ ಪ್ರತಿಗಳಿಂದ ಇಳಿಸಿದ, ಮೂಲೆಯಲ್ಲಿ ಕಂಪನಿಯ ಲಾಂಛನ ಮಿನುಗುವ, ಹಾಡಿನ ನಡುವೆ ಸಾಲು ಹಾರಿಹೋಗುವ ಡಿಸ್ಕುಗಳು ಕನ್ನಡ ಪ್ರೇಕ್ಷಕರಿಗೂ ಪರಿಚಿತ.

ಅದಕ್ಕಿಂತ ದೊಡ್ಡ ನಷ್ಟ ಡಿಸ್ಕಿನ ಕಾಲಕ್ಕೆ ಮೊದಲೇ ಆಗಿಹೋಗಿತ್ತು. ಹಳೆಯ ಕಪ್ಪು-ಬಿಳುಪು ರೀಲುಗಳನ್ನು ಅವುಗಳಲ್ಲಿನ ಬೆಳ್ಳಿಗಾಗಿ ಮಾರಲಾಗುತ್ತಿತ್ತು. ಪಿ. ಕೆ. ನಾಯರ್ ಅವರ ದುಡಿಮೆಯಿಂದ ಬೆಳೆದ ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರ ಸ್ಥಾಪನೆಯಾದದ್ದು 1964ರಲ್ಲಿ. ಅಷ್ಟರಲ್ಲಿ ದೇಶದ ಮೊದಲ ವಾಕ್ಚಿತ್ರ 'ಆಲಂ ಆರಾ' (1931), ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' (1934) ಬಿಡುಗಡೆಯಾಗಿ ಮೂರು ದಶಕಗಳು ಕಳೆದಿದ್ದವು. ಎರಡರ ಪ್ರತಿಯೂ ಇಂದು ಲಭ್ಯವಿಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ನೈಟ್ರೇಟ್ ರೀಲುಗಳಿಗೆ ಬೆಂಕಿ ಬಿದ್ದು ಮತ್ತಷ್ಟು ಚಿತ್ರಗಳು ನಾಶವಾದವು.

ಕನ್ನಡದಲ್ಲಿ ಹಳೆಯ ಚಿತ್ರಗಳ 'ಹೊಸ ರೂಪ' ಎಂಬ ಮಾತಿಗೆ ಬಹುಕಾಲ ವರ್ಣೀಕರಣ ಎಂಬ ಅರ್ಥವೇ ಇತ್ತು. ರಾಜ್‌ಕುಮಾರ್ ನಟಿಸಿದ 'ಸತ್ಯ ಹರಿಶ್ಚಂದ್ರ' (1965) 2008ರಲ್ಲೂ 'ಕಸ್ತೂರಿ ನಿವಾಸ' (1971) 2014ರಲ್ಲೂ ಬಣ್ಣ ಪಡೆದು ಚಿತ್ರಮಂದಿರಗಳಿಗೆ ಮರಳಿದವು. ಹೊಸ ಪೀಳಿಗೆಯನ್ನು ಈ ಚಿತ್ರಗಳತ್ತ ಸೆಳೆದ ಶ್ರೇಯಸ್ಸು ವರ್ಣೀಕರಣಕ್ಕಿದೆ. ಆದರೆ ಕಪ್ಪು-ಬಿಳುಪಿಗೆಂದೇ ಬೆಳಕು ಹೊಂದಿಸಿ ತೆಗೆದ ಚಿತ್ರಕ್ಕೆ ಬಣ್ಣ ಸೇರಿಸುವುದು ಪುನರುದ್ಧಾರವಲ್ಲ. ಅದು ಬೇರೊಂದು ಕೃತಿ.

ಉದಯ ಶಂಕರ್ ಅವರ ನೃತ್ಯಚಿತ್ರ 'ಕಲ್ಪನಾ' (1948) ಸ್ಕಾರ್ಸೆಸಿಯವರ ವರ್ಲ್ಡ್ ಸಿನೆಮಾ ಯೋಜನೆಯಡಿ ಪುನರುದ್ಧಾರಗೊಂಡು 2012ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೆರೆಕಂಡಿತು; ಡಿಸ್ಕಿನಲ್ಲಿ ಬಂದದ್ದು ಹತ್ತು ವರ್ಷಗಳ ನಂತರ, ಕ್ರೈಟೀರಿಯನ್ ಸಂಪುಟವೊಂದರ ಭಾಗವಾಗಿ. ಶಿವೇಂದ್ರ ಸಿಂಗ್ ಡುಂಗರ್‌ಪುರ್ ಸ್ಥಾಪಿಸಿದ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮಲಯಾಳಂನ 'ತಂಪ್' (1978), ಹಿಂದಿಯ 'ಮಂಥನ್' (1976) ಚಿತ್ರಗಳ ಪುನರುದ್ಧಾರ ನಡೆಸಿದೆ. ಯು. ಆರ್. ಅನಂತಮೂರ್ತಿಯವರ ಕತೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ನಿರ್ದೇಶಿಸಿದ, ಸ್ವರ್ಣಕಮಲ ಪಡೆದ 'ಘಟಶ್ರಾದ್ಧ' (1977) ಅದೇ ಸಂಸ್ಥೆ ಮತ್ತು ವರ್ಲ್ಡ್ ಸಿನೆಮಾ ಯೋಜನೆಯ ಸಹಯೋಗದಲ್ಲಿ ಮೂಲ ಕ್ಯಾಮೆರಾ ನೆಗೆಟಿವ್‌ನಿಂದ ಪುನರುದ್ಧಾರಗೊಂಡಿತು. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣವನ್ನು ಕಪ್ಪು-ಬಿಳುಪಾಗಿಯೇ ಉಳಿಸಿಕೊಂಡ ಆ ಆವೃತ್ತಿ 2024ರ ವೆನಿಸ್ ಚಿತ್ರೋತ್ಸವದ ಅಭಿಜಾತ ಚಿತ್ರಗಳ ವಿಭಾಗದಲ್ಲಿ ಪ್ರದರ್ಶನ ಕಂಡಿತು.